ತಾನೇ ಓಡುವ ಕಾರು ಯಾರಿಗಾದರೂ ಗುದ್ದಿ ಕೊಂದರೆ ಶಿಕ್ಷೆ ಯಾರಿಗೆ?

ಈವರೆಗಿನ ದೊಡ್ಡ ಉದಾಹರಣೆ ನೋಡಿದರೆ, ಸ್ಟೀರಿಂಗ್ ಹಿಂದೆ ಕೂತಿದ್ದ ಸಂಬಳದ ನೌಕರರಿಗೆ.

2018ರ ಮಾರ್ಚ್ 18ರ ರಾತ್ರಿ ಅಮೆರಿಕದ ಅರಿಜೋನಾ ರಾಜ್ಯದ ಟೆಂಪಿಯಲ್ಲಿ, ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಗೆ ತಾನೇ ಓಡುತ್ತಿದ್ದ ಊಬರ್‌ನ ಪರೀಕ್ಷಾ ಕಾರು ಡಿಕ್ಕಿ ಹೊಡೆಯಿತು. ಆಕೆ ಸತ್ತರು. ತನಿಖೆಯಲ್ಲಿ ಗೊತ್ತಾದದ್ದು: ರೇಡಾರ್ ಆಕೆಯನ್ನು 5.6 ಸೆಕೆಂಡ್ ಮೊದಲೇ ಗುರುತಿಸಿತ್ತು. ಆದರೆ ಸಾಫ್ಟ್‌ವೇರ್ ಒಮ್ಮೆ ವಾಹನ, ಒಮ್ಮೆ ಸೈಕಲ್, ಒಮ್ಮೆ ಬೇರೇನೋ ಎಂದು ತೀರ್ಮಾನ ಬದಲಿಸುತ್ತಲೇ ಇತ್ತು. ಜೀಬ್ರಾ ಕ್ರಾಸಿಂಗ್ ಬಿಟ್ಟು ಬೇರೆ ಕಡೆಯೂ ಜನ ರಸ್ತೆ ದಾಟುತ್ತಾರೆಂಬುದನ್ನು ಅದಕ್ಕೆ ಯಾರೂ ಕಲಿಸಿರಲೇ ಇಲ್ಲ! (ಬೆಂಗಳೂರಿನಲ್ಲಿ ಅಂಥ ಕಾರನ್ನು ಒಮ್ಮೆ ಊಹಿಸಿಕೊಳ್ಳಿ.) ಕಾರು ತಯಾರಿಸಿದ್ದ ವೋಲ್ವೋ ಕಂಪನಿಯೇ ಅಳವಡಿಸಿದ್ದ ತುರ್ತು ಬ್ರೇಕ್ ವ್ಯವಸ್ಥೆಯನ್ನೂ ಆಫ್ ಮಾಡಲಾಗಿತ್ತು. ನಿಗಾ ಇಡಬೇಕಿದ್ದ ಚಾಲಕಿ ಮೊಬೈಲ್‌ನಲ್ಲಿ ಟಿವಿ ಕಾರ್ಯಕ್ರಮ ಹಾಕಿಕೊಂಡಿದ್ದರು, ಕಣ್ಣು ರಸ್ತೆಯ ಮೇಲಿರಲಿಲ್ಲ.

ಊಬರ್ ಮೃತರ ಕುಟುಂಬದೊಂದಿಗೆ ಕೆಲವೇ ದಿನಗಳಲ್ಲಿ ರಾಜಿ ಮಾಡಿಕೊಂಡಿತು. ಕಂಪನಿಯ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡಲು ಆಧಾರವಿಲ್ಲ ಎಂದು ಸರ್ಕಾರಿ ವಕೀಲರು 2019ರಲ್ಲಿ ಹೇಳಿಬಿಟ್ಟರು. ಚಾಲಕಿ 2023ರಲ್ಲಿ ತಪ್ಪೊಪ್ಪಿಕೊಂಡು ಮೂರು ವರ್ಷದ ಪ್ರೊಬೇಷನ್ (ಜೈಲಿನ ಬದಲು ಹೊರಗೇ ನಿಗಾದಲ್ಲಿರುವ ಶಿಕ್ಷೆ) ಪಡೆದರು. ಚಾಲಕಿಯ ತಪ್ಪು ನಿಜ. ಆದರೆ ಬ್ರೇಕ್ ಆಫ್ ಮಾಡುವ ತೀರ್ಮಾನ ಅವರದ್ದಾಗಿರಲಿಲ್ಲ.

ಬ್ರಿಟನ್ 2024ರ ಕಾಯ್ದೆಯಲ್ಲಿ ಈ ಲೆಕ್ಕವನ್ನು ತಿರುಗಿಸಿದೆ: ಅನುಮೋದಿತ ಕಾರು ತಾನೇ ಓಡುತ್ತಿರುವಾಗ ಅದು ಓಡಿದ ರೀತಿಗೆ ಒಳಗೆ ಕೂತವರಲ್ಲ, ಅನುಮೋದನೆ ಪಡೆದ ಸಂಸ್ಥೆ ಹೊಣೆ.

ಇನ್ನು, ಅಪಘಾತ ತಪ್ಪಿಸಲಾಗದಿದ್ದಾಗ ಕಾರು 'ಮುದುಕರನ್ನು ಉಳಿಸಬೇಕೋ, ಮಗುವನ್ನೋ' ಎಂಬ ಜನಪ್ರಿಯ ಪ್ರಶ್ನೆ. ವಯಸ್ಸು, ಲಿಂಗ ನೋಡಿ ಜೀವ ತೂಗಬಾರದು ಎಂದು ಜರ್ಮನಿಯ ನೀತಿ ಆಯೋಗ 2017ರಲ್ಲೇ ಹೇಳಿದೆ. ಟೆಂಪಿಯಲ್ಲಿ ಅಂಥ ಆಯ್ಕೆಯೇ ಎದುರಾಗಿರಲಿಲ್ಲ. ಬ್ರೇಕ್ ಹಾಕಿದ್ದರೆ ಸಾಕಿತ್ತು.