ಮುಂಗುಸಿ ಅನ್ನೋದು 'ಮಂಗೂಸ್'ನಿಂದ ಬಂದದ್ದಲ್ಲ, ಚಾರ್ಟ್ ತಿದ್ದಬೇಡಿ

ಮಗಳ ಶಾಲೆಯ ಚಾರ್ಟಿನಲ್ಲಿ ಮುಂಗುಸಿ ಅಂತ ಬರೆದರೆ ಅದು ಇಂಗ್ಲಿಷ್ 'ಮಂಗೂಸ್' ಆಗುತ್ತೆ, ಶುದ್ಧ ಕನ್ನಡದಲ್ಲಿ ನಕುಲ ಅಂತ ಬರೆಯಲೇ ಅಂತ ಕೇಳಿದ್ದೀರಿ. ಬೇಡ. ಈ ತಪ್ಪನ್ನು ನಾನು ಸಾವಿರ ಪ್ರತಿಯಲ್ಲಿ ಮಾಡಿದವನು.

1996ರಲ್ಲಿ ಕಾರವಾರದ ಒಂದು ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದೆ. ಅಂಕೋಲಾ ಕಡೆಯ ಮೇಷ್ಟ್ರೊಬ್ಬರು ಪ್ರಾಣಿಗಳ ಚಾರ್ಟ್ ಅಚ್ಚಿಗೆ ಕೊಟ್ಟಿದ್ದರು. ಕೊನೇ ಪ್ರೂಫಿನಲ್ಲಿ ಮುಂಗುಸಿ ಕಣ್ಣಿಗೆ ಬಿತ್ತು. ಮುಂಗುಸಿ, ಮಂಗೂಸ್. ನಮ್ಮವರು ಇಂಗ್ಲಿಷಿನಿಂದ ತಂದದ್ದೇ ಅಂದುಕೊಂಡೆ. ನಾನು ಎಡವಿದ್ದು ಇಲ್ಲೇ. ಎರಡು ಪದ ಒಂದೇ ಥರ ಕೇಳಿದರೆ ಒಬ್ಬರು ಇನ್ನೊಬ್ಬರಿಂದ ತಗೊಂಡಿರಬಹುದು, ಸರಿ. ಆದರೆ ಯಾರು ಯಾರಿಂದ ಅನ್ನೋದು ಬರೀ ಕಿವಿಗೆ ಗೊತ್ತಾಗಲ್ಲ. ಪ್ರಾಣಿ ಎಲ್ಲಿಯದು ಅಂತ ಮೊದಲು ಯೋಚಿಸಬೇಕಿತ್ತು. ಇಂಗ್ಲೆಂಡಿನ ಕಾಡಲ್ಲಿ ಮುಂಗುಸಿಯೇ ಇಲ್ಲ. ನಮ್ಮ ಹಿತ್ತಿಲಲ್ಲಿ ಹುಲ್ಲುಗೊಣಬೆ ಕೆಳಗೆ ಅದು ಮರಿ ಹಾಕುತ್ತಿತ್ತು. ಇಂಗ್ಲಿಷಿನ ಒಂದಕ್ಷರ ಬಾರದ ನನ್ನ ಅಜ್ಜಿ ಅದನ್ನು ಮುಂಗುಸಿ ಅಂತಲೇ ಕರೆಯುತ್ತಿದ್ದರು. ಅಷ್ಟು ಸಾಕ್ಷಿ ಮನೆಯಲ್ಲೇ ಇದ್ದರೂ, ಮೇಷ್ಟ್ರನ್ನು ಒಂದು ಮಾತು ಕೇಳದೆ, ಕೆಂಪು ಪೆನ್ನಿನಲ್ಲಿ ಹೊಡೆದು ನಕುಲ ಅಂತ ಬರೆದೆ.

ಮೇಷ್ಟ್ರು ಬಂದು ಕಟ್ಟು ಬಿಚ್ಚಿದರು. "ತಮಾ, ಮಕ್ಕಳು ಇದನ್ನ ಓದಿ ಸಹದೇವ ಎಲ್ಲಿ ಅಂತ ಕೇಳ್ತಾರಲ್ಲೋ" ಅಂದರು. ಮುಂಗುಸಿ ಅಂತ ಚೀಟಿ ಅಚ್ಚು ಹಾಕಿ, ಕತ್ತರಿಸಿ, ಮೈದಾ ಅಂಟು ಹಚ್ಚಿ ಸಾವಿರ ಚಾರ್ಟಿಗೂ ಅಂಟಿಸಿದೆ. ಮೂರು ರಾತ್ರಿ ಹಿಡಿಯಿತು. ಮಳೆಗಾಲ ಬೇರೆ. ಅಂಟು ಒಣಗದೆ ಚೀಟಿ ಜಾರಿ ಪಕ್ಕದ ಮೊಲದ ಕಿವಿ ಮೇಲೆ ಕೂರುತ್ತಿತ್ತು. ಖರ್ಚೆಲ್ಲ ನನ್ನ ಸಂಬಳದಲ್ಲಿ ಹೋಯಿತು.

ಆಮೇಲೆ ಹುಡುಕಿ ಓದಿದೆ. ಕನ್ನಡದಲ್ಲಿ ಮುಂಗುಸಿ, ಮುಂಗುಲಿ. ತೆಲುಗಿನಲ್ಲಿ ಮುಂಗಿಸ. ಮರಾಠಿ, ಕೊಂಕಣಿಯಲ್ಲಿ ಮುಂಗುಸ. ಬೇರು ದ್ರಾವಿಡದ್ದು, ಇಂಗ್ಲಿಷಿಗೆ ಹೋದದ್ದು ಮರಾಠಿಯವರ ಬಾಯಿಂದ ಅಂತ ಪದಗಳ ಚರಿತ್ರೆ ಬಲ್ಲವರು ಹೇಳುತ್ತಾರೆ. 1698ರಲ್ಲಿ ಅಚ್ಚಾದ ಜಾನ್ ಫ್ರೈಯರ್ ಎಂಬ ಇಂಗ್ಲಿಷ್ ವೈದ್ಯನ ಪ್ರವಾಸದ ಪುಸ್ತಕದಲ್ಲೇ ಆ ಪದ ಇದೆ. ಆತ ನಮ್ಮ ಕಾರವಾರಕ್ಕೂ ಬಂದಿದ್ದ! ಇಂಗ್ಲಿಷಿನಲ್ಲಿ ಹೆಬ್ಬಾತಿಗೆ 'ಗೂಸ್', ಹಲವಾದರೆ 'ಗೀಸ್'. ಮಂಗೂಸಿನ ಕೊನೆಯ 'ಗೂಸ್'ಗೂ ಅದಕ್ಕೂ ಸಂಬಂಧ ಇಲ್ಲ, ಅದಕ್ಕೇ ಬಹುವಚನ 'ಮಂಗೀಸ್' ಅಲ್ಲ, 'ಮಂಗೂಸಸ್'.

ಇನ್ನು ನೀವು ಶುದ್ಧ ಕನ್ನಡ ಅಂದುಕೊಂಡ ನಕುಲ ಸಂಸ್ಕೃತದ್ದು. ಹಿಂದಿಯ ನೇವ್ಲಾ ಬಂದದ್ದು ಅದರಿಂದ. ಬೇರೆ ಹೆಸರು ಬೇಕೇ ಬೇಕು ಅಂದರೆ ಕೀರ ಇದೆ, ತಮಿಳಿನ ಕೀರಿಯ ಬಳಗ.

ಚಾರ್ಟಿನಲ್ಲಿ ಜಾಗ ಇದ್ದರೆ ಮುಂಗುಸಿ ಕೆಳಗೆ ಮುಂಗಿಸ, ಮುಂಗುಸ ಎರಡನ್ನೂ ಬರೆಸಿ. ಮಂಗೂಸ್ ಕೊನೇ ಸಾಲಿನಲ್ಲಿ ಬರಲಿ, ಅದು ಹುಟ್ಟಿದ್ದು ಆಮೇಲೆ ಅಲ್ವಾ.