ಇಷ್ಟವಾದ ಫೋಟೋ, ಚಿತ್ರಗಳನ್ನು ಆನ್‌ಲೈನ್‌ನಲ್ಲಿ ಕೂಡಿಟ್ಟು ಹಂಚಿಕೊಳ್ಳಲು ಯಾವ ಆ್ಯಪ್ ಒಳ್ಳೆಯದು?

ಎರಡು ಸಾವಿರ ಚಿತ್ರ ಸೇವ್ ಮಾಡಿದ್ದೀರಿ, ಅರ್ಧಕ್ಕರ್ಧ ಸ್ಕ್ರೀನ್‌ಶಾಟ್, ಯಾವುದು ಯಾರದ್ದು ಅಂತ ಗೊತ್ತಿಲ್ಲ, ಈಗ ಅವನ್ನು ನಾಲ್ಕು ಜನಕ್ಕೆ ತೋರಿಸಬೇಕು ಅಂತ ಬರೆದಿದ್ದೀರಿ. ಆ್ಯಪ್ ಯಾವುದಾದರೂ ನಡೆಯುತ್ತದೆ. ಮೊದಲು ತೆಗೆದವರ, ಬಿಡಿಸಿದವರ ಹೆಸರು ಹುಡುಕಿ.

ನಾನು ಆರು ವರ್ಷ ಒಂದೇ ತಾಣದಲ್ಲಿ ಇಷ್ಟದ ಫೋಟೋಗಳಿಗೆ ಗುರುತು ಹಾಕಿಕೊಂಡು ಬಂದಿದ್ದೆ. ಒಂದು ದಿನ ಅದು ಮುಚ್ಚಿಹೋಯಿತು. ಮಂಜಿನಲ್ಲಿ ಒಬ್ಬ ಹೆಂಗಸು ಸೈಕಲ್ ತಳ್ಳಿಕೊಂಡು ಹೋಗುವ ಕಪ್ಪು ಬಿಳುಪು ಫೋಟೋ ಒಂದಿತ್ತು. ಹಿಂದಿನ ಚಕ್ರದ ಮಡ್‌ಗಾರ್ಡ್ ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು. ಇವತ್ತಿಗೂ ಅದನ್ನು ಹುಡುಕುತ್ತಿದ್ದೇನೆ. ತೆಗೆದವರ ಹೆಸರು ಬರೆದಿಟ್ಟುಕೊಂಡಿದ್ದ ಮೂವತ್ತು ನಲವತ್ತು ಫೋಟೋಗಳಷ್ಟೇ ಮತ್ತೆ ಸಿಕ್ಕವು.

ಹೆಸರು ಹುಡುಕಲು, ಚಿತ್ರ ಕೊಟ್ಟರೆ ಅದು ಇಂಟರ್‌ನೆಟ್‌ನಲ್ಲಿ ಎಲ್ಲೆಲ್ಲಿದೆ ಅಂತ ತೋರಿಸುವ ಗೂಗಲ್ ಲೆನ್ಸ್ ಇದೆ, ಟಿನ್‌ಐ ಇದೆ. ಟಿನ್‌ಐನಲ್ಲಿ ಹಳೆಯದು ಮೊದಲು ಬರುವಂತೆ ಜೋಡಿಸಿ ನೋಡಿ, ಎಷ್ಟೋ ಸಲ ಮೂಲದ ಹತ್ತಿರಕ್ಕೆ ಹೋಗಿ ಮುಟ್ಟುತ್ತೀರಿ. ಇದು ಬರೀ ಲೆಕ್ಕ ಇಡುವ ಕೆಲಸ ಅನ್ನಿಸಬಹುದು. ಅಲ್ಲ. ಅಮೆರಿಕದ ಛಾಯಾಗ್ರಾಹಕಿ ಡೊರೊಥಿಯಾ ಲ್ಯಾಂಗ್ 1936ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೆಗೆದ, ಕೆನ್ನೆಗೆ ಕೈ ತಾಗಿಸಿ ಕೂತ ತಾಯಿಯ ಫೋಟೋ ನೀವೂ ನೋಡಿರುತ್ತೀರಿ. ನನ್ನ ಹತ್ತಿರ ಅದು ಅಂಚು ಕತ್ತರಿಸಿದ ಒಂದು ಸಣ್ಣ ಫೈಲಾಗಿ ಬಿದ್ದಿತ್ತು. ಮೂಲ ಹುಡುಕುತ್ತಾ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತಾಣಕ್ಕೆ ಹೋದೆ. ಅಲ್ಲಿ ಅದೇ ತಾಯಿಯ ಬೇರೆ ಫ್ರೇಮುಗಳೂ ಇದ್ದವು. ಒಂದರಲ್ಲಿ ಇಡೀ ಡೇರೆ ಕಾಣುತ್ತದೆ, ಛಾಯಾಗ್ರಾಹಕಿ ದೂರದಲ್ಲಿ ನಿಂತಿದ್ದಾರೆ. ಒಂದೊಂದೇ ನೋಡುತ್ತಾ ಹೋದಾಗ ಅವರು ಆ ಮುಖಕ್ಕೆ ಹೇಗೆ ಹತ್ತಿರವಾದರು ಅನ್ನುವುದೇ ಕಣ್ಣಿಗೆ ಕಟ್ಟುತ್ತದೆ. ಎಲ್ಲರೂ ನೋಡಿರುವ ಆ ಫೋಟೋದ ಮೂಲೆಯಲ್ಲಿ ಡೇರೆಯ ಕಂಬ ಹಿಡಿದ ಒಂದು ಹೆಬ್ಬೆರಳಿತ್ತು, ಆಮೇಲೆ ನೆಗೆಟಿವ್‌ನಲ್ಲಿ ಅದನ್ನು ಅಳಿಸಿದರು ಅಂತಲೂ ಅಲ್ಲೇ ತಿಳಿಯಿತು. ಸ್ಕ್ರೀನ್‌ಶಾಟ್ ನೋಡಿಕೊಂಡು ಕೂತಿದ್ದರೆ ಇದೆಲ್ಲ ಎಲ್ಲಿ ಸಿಗುತ್ತಿತ್ತು?

ಹಳೆಯ ವರ್ಣಚಿತ್ರಗಳಿಗೆ ಮೂಲ ಇನ್ನೂ ಮುಖ್ಯ. ಹದಿನೇಳನೆಯ ಶತಮಾನದ ಡಚ್ ಚಿತ್ರಕಾರ ವರ್ಮೀರ್ ಬಿಡಿಸಿದ, ಹಾಲು ಸುರಿಯುವ ಹೆಂಗಸಿನ ಚಿತ್ರ ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಂನಲ್ಲಿದೆ. ಒಂದು ಕಾಲಕ್ಕೆ ಅದರ 10,000ಕ್ಕೂ ಜಾಸ್ತಿ ಪ್ರತಿಗಳು ಇಂಟರ್‌ನೆಟ್‌ನಲ್ಲಿದ್ದವಂತೆ, ಹೆಚ್ಚಿನವು ಹಳದಿಗಟ್ಟಿದ ಕೆಟ್ಟ ಪ್ರತಿಗಳು. ಮ್ಯೂಸಿಯಂ ಅಂಗಡಿಯ ಪೋಸ್ಟ್‌ಕಾರ್ಡಿನ ಬಣ್ಣವೇ ಸುಳ್ಳು ಅಂದುಕೊಳ್ಳುವಷ್ಟು ಜನ ಆ ಹಳದಿಗೆ ಒಗ್ಗಿಹೋಗಿದ್ದರು. ಈಗ ಮ್ಯೂಸಿಯಂನವರೇ ಒಳ್ಳೆಯ ಪ್ರತಿಯನ್ನು ಉಚಿತವಾಗಿ ಕೊಡುತ್ತಾರೆ. ನ್ಯೂಯಾರ್ಕಿನ ಮೆಟ್ ಮ್ಯೂಸಿಯಂ ಕೂಡ 2017ರಿಂದ ಹಕ್ಕಿನ ಅವಧಿ ಮುಗಿದ ಕೃತಿಗಳ ತನ್ನ ಚಿತ್ರಗಳನ್ನು ಹಾಗೆಯೇ ಬಿಟ್ಟುಕೊಟ್ಟಿದೆ. ಇಂಥವನ್ನು ಧೈರ್ಯವಾಗಿ ನಿಮ್ಮ ಪುಟದಲ್ಲಿ ಹಾಕಿಕೊಳ್ಳಿ.

ಈಗ ಕೆಲಸ ಮಾಡುತ್ತಿರುವವರ ಫೋಟೋ ಆದರೆ ಹಾಗಲ್ಲ. ಹೆಸರು ಹಾಕಿದ ಮಾತ್ರಕ್ಕೆ ಅನುಮತಿ ಸಿಕ್ಕಂತೆ ಆಗುವುದಿಲ್ಲ. ಅವರ ಪುಟದ ಲಿಂಕ್ ಕೊಡಿ, ಇಲ್ಲವೇ ಒಂದು ಸಾಲು ಬರೆದು ಕೇಳಿ. ನಾನು ಕೇಳಿದವರಲ್ಲಿ ಹೆಚ್ಚಿನವರು ಖುಷಿಯಿಂದಲೇ ಒಪ್ಪಿದ್ದಾರೆ. ದಯವಿಟ್ಟು ಕ್ರಾಪ್ ಮಾಡಬೇಡಿ, ಫಿಲ್ಟರ್ ಹಾಕಬೇಡಿ. ಅಂಚು ಎಲ್ಲಿರಬೇಕು ಅಂತ ಅವರು ಯೋಚಿಸಿಯೇ ಇಟ್ಟಿರುತ್ತಾರೆ, ಅಲ್ವಾ?

ಇನ್ನು ಹಂಚಿಕೊಳ್ಳುವ ಮಾತು. ಎರಡು ಸಾವಿರವನ್ನು ಯಾರೂ ನೋಡುವುದಿಲ್ಲ. ಫೋಟೋ ಹಂಚಿಕೊಳ್ಳುವ ತಾಣ ಫ್ಲಿಕರ್‌ನಲ್ಲಿ 2009ರಲ್ಲಿ ಗ್ಯಾಲರಿ ಶುರುವಾದಾಗ ಒಂದರಲ್ಲಿ 18 ಫೋಟೋ ಮಾತ್ರ ಹಾಕಬಹುದಿತ್ತು, ಅದೂ ಬೇರೆಯವರದ್ದು. ಆ ಮಿತಿ ನನಗೆ ತುಂಬಾ ಕಲಿಸಿತು. ಹತ್ತೊಂಬತ್ತನೆಯದು ಬೇಕು ಅಂದರೆ ಒಂದನ್ನು ತೆಗೆಯಲೇಬೇಕು, ಆಗ ಯಾವುದು ನಿಜವಾಗಿ ಇಷ್ಟ ಅಂತ ಗೊತ್ತಾಗುತ್ತದೆ. ಈಗಲೂ ಒಂದು ಆಲ್ಬಮ್‌ಗೆ ಅಷ್ಟೇ ಇಡುತ್ತೇನೆ. ವಿಷಯದ ಪ್ರಕಾರ ಜೋಡಿಸುವುದಿಲ್ಲ. ಎಡಗಡೆ ಕಿಟಕಿಯಿಂದ ಬೆಳಕು ಬೀಳುವ ಆ ವರ್ಮೀರ್ ಪಕ್ಕದಲ್ಲಿ, ಅದೇ ಥರ ಬೆಳಕು ಬಿದ್ದ ಇವತ್ತಿನ ಒಂದು ಫೋಟೋ. ಕೆಳಗೆ ಹೆಸರು, ವರ್ಷ, ಎಲ್ಲಿ ಸಿಕ್ಕಿತು, ಅದನ್ನು ನೋಡುತ್ತಾ ಯಾಕೆ ನಿಂತೆ ಅಂತ ಒಂದು ಸಾಲು. ಸುಮ್ನೆ "ಸೂಪರ್" ಅಂತ ಬರೆಯಬೇಡಿ. "ಪಾತ್ರೆಯ ಅಂಚು ನೋಡಿ" ಅಂದರೆ ಜನ ನಿಜವಾಗಿ ನೋಡುತ್ತಾರೆ.

ಇವತ್ತು ಹತ್ತು ಚಿತ್ರ ಆರಿಸಿ, ಅವುಗಳ ಹೆಸರು ಹುಡುಕಿ. ಉಳಿದವನ್ನು ತಿರುವಿ ಹಾಕುವಾಗ ಮಂಜು, ಸೈಕಲ್, ಬಿಳಿ ಮಡ್‌ಗಾರ್ಡ್ ಕಂಡರೆ ಇಲ್ಲೇ ಕೆಳಗೆ ಬರೆಯುತ್ತೀರಾ?