ಪ್ರ: ಅಜ್ಜಿಯರ ಕಾಲದಲ್ಲಿ ರಾಗಿ ಸರಿ ಹೇಗೆ ಮಾಡ್ತಿದ್ರು, ಹಾಲು ಹೇಗೆ ಬಿಡಿಸ್ತಿದ್ರು?

ಸರಿ ಅಂದರೆ ಮಗುವಿಗೆ ಕುಡಿಸುವ ಗಂಜಿ. ನಮ್ಮ ಹಳೇ ಮೈಸೂರು ಕಡೆಯ ಕ್ರಮ ಹೇಳುತ್ತೇನೆ. ರಾಗಿಯನ್ನು ತೊಳೆದು, ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿಡುತ್ತಿದ್ದರು. ಬಿಳಿ ಮೊಳಕೆ ಇಣುಕಿದ ಮೇಲೆ ನೆರಳಲ್ಲಿ ಒಣಗಿಸಿ, ಘಮ ಬರುವಷ್ಟು ಹುರಿದು, ಬೀಸುವ ಕಲ್ಲಿಗೆ ಹಾಕುತ್ತಿದ್ದರು. ಆಮೇಲೆ ತೆಳ್ಳನೆ ಪಂಚೆಯಲ್ಲಿ ಜರಡಿ. ಬಟ್ಟೆಯ ಕೆಳಗೆ ಉದುರಿದ ನುಣ್ಣನೆ ಹಿಟ್ಟು ಮಾತ್ರ ಮಗುವಿಗೆ. ಮೊಳಕೆ ಸುಮ್ನೆ ಕಟ್ಟುತ್ತಿರಲಿಲ್ಲ. ಅದರಿಂದ ಪಿಷ್ಟ ಒಡೆದು ಗಂಜಿ ಜಾಸ್ತಿ ಗಟ್ಟಿಯಾಗುವುದಿಲ್ಲ. ಹಾಗಾಗಿ ಪುಟ್ಟ ಹೊಟ್ಟೆಗೆ ಅಷ್ಟೇ ಗಂಜಿಯಲ್ಲಿ ಹೆಚ್ಚು ಹಿಟ್ಟು ಸೇರುತ್ತದೆ. ಎಷ್ಟು ಜಾಣತನ, ಅಲ್ವಾ? 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮೇಲೆ ಕ್ಯಾಲ್ಸಿಯಂ ಬೇರೆ ಇದೆ.

ಕುಡಿಸಲು ಒಳಲೆ, ಅಂದರೆ ಮೂತಿಯಿರುವ ಪುಟ್ಟ ಬಟ್ಟಲು, ಇತ್ತು. ಹಾಲು ಬಿಡಿಸಲು ಬೇವಿನ ಸೊಪ್ಪು ಅರೆದು ಎದೆಗೆ ಹಚ್ಚುತ್ತಿದ್ದರು. ಅದು ಬೇಡ, ನಿಧಾನವಾಗಿ ಒಂದೊಂದೇ ಹೊತ್ತು ಕಡಿಮೆ ಮಾಡಿ.

ಎಲ್ಲ ಹಳೆಯದೂ ಒಳ್ಳೆಯದಲ್ಲ. ಹುಟ್ಟಿದ ಕೂಡಲೇ ಬರುವ ಗಿಣ್ಣುಹಾಲನ್ನು ಹಲವು ಮನೆಗಳಲ್ಲಿ ಚೆಲ್ಲುತ್ತಿದ್ದರು. ಮಗುವಿಗೆ ಮೊದಲ ರಕ್ಷಣೆಯೇ ಅದು! ಜೇನುತುಪ್ಪ ವರ್ಷ ತುಂಬುವವರೆಗೆ ನೆಕ್ಕಿಸಲೇಬೇಡಿ. 6 ತಿಂಗಳವರೆಗೆ ಎದೆಹಾಲು ಮಾತ್ರ ಸಾಕು, ನೀರೂ ಬೇಡ. ರಾಗಿ ಸರಿಯನ್ನು ಆಮೇಲೆ ಶುರು ಮಾಡಿ, ಎದೆಹಾಲು ಜೊತೆಗೇ ಇರಲಿ.